ಅಂಗಳದಲ್ಲಿ ತಂಗಡಿ ಗಿಡ: ನೀರು ಎಷ್ಟು ಬೇಕು, ಬೀಜದಿಂದ ಬರುತ್ತದೆಯೇ, ಯಾವ ಮಣ್ಣಿಗೆ ಸರಿ?

ಅಂಗಳದ ಹೂ (ತುಮಕೂರು)

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹೊರವಲಯದಲ್ಲಿ ನಮ್ಮ ಹೊಸ ಮನೆ. ಕಾಂಪೌಂಡ್ ಉದ್ದಕ್ಕೂ ಒಂದಿಷ್ಟು ಜಾಗ ಇದೆ. ಮೇಲೆ ಕೆಂಪು ಮಣ್ಣು, ಒಂದಡಿ ಅಗೆದರೆ ಗರಸು. ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಮನೆ ಬಳಕೆಗೇ ಕಷ್ಟ. ಹುಲ್ಲುಹಾಸು, ಗುಲಾಬಿ ಎಲ್ಲ ಯೋಚನೆ ಮಾಡುವ ಹಾಗೇ ಇಲ್ಲ. ಅದಕ್ಕೆ ತಂಗಡಿ ಹಾಕೋಣ ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದೆವು. ಸಿರಾ ದಾರಿಯಲ್ಲಿ ಹೋಗುವಾಗ ಕಲ್ಲುಗುಡ್ಡದ ಮೇಲೆ ಯಾರೂ ನೀರು ಹಾಕದಿದ್ದರೂ ಮೈತುಂಬ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ ಗಿಡ.

ನರ್ಸರಿಯಿಂದ ತಂದ ಎರಡು ಗಿಡ ನೆಟ್ಟಿದ್ದೇವೆ. ಗುಂಡಿಗೆ ಕೊಟ್ಟಿಗೆ ಗೊಬ್ಬರ ಹಾಕಿ, ಡ್ರಿಪ್ ಪೈಪ್ ಎಳೆದಿದ್ದೇವೆ. ಒಂದರ ಎಲೆ ಹಳದಿಯಾಗಿ ಉದುರುತ್ತಿದೆ. ಇನ್ನೊಂದು ಸೊಂಪಾಗಿ ಬೆಳೆದಿದೆ, ಅದರ ಎಲೆ ಸ್ವಲ್ಪ ದೊಡ್ಡದು, ಹೂವಿನ ಸುಳಿವೇ ಇಲ್ಲ. ನೀರು ಜಾಸ್ತಿಯಾಯಿತೋ ಕಡಿಮೆಯಾಯಿತೋ ಗೊತ್ತಾಗುತ್ತಿಲ್ಲ. ಬೆಳೆಸಿದವರು ಇದ್ದರೆ ದಯವಿಟ್ಟು ತಿಳಿಸಿ.

ಕೋಟೆನಾಡು (ಹಿರಿಯೂರು ಕಡೆ)

ಮೇಡಂ, ಮೊದಲು ಆ ಡ್ರಿಪ್ ಬಂದ್ ಮಾಡಿ. ಮಿಕ್ಕಿದ್ದು ಆಮೇಲೆ.

ನಮ್ಮ ಹೊಲದ ಬದುವಿನಲ್ಲಿ, ಮನೆ ಹಿಂದೆ, ಎಲ್ಲ ಕಡೆ ತಂಗಡಿ ಇದೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಈ ಗಿಡ ಸಾಯುವುದು ಬಾಯಾರಿಕೆಯಿಂದ ಅಲ್ಲ, ಬುಡದಲ್ಲಿ ನೀರು ನಿಂತು. ಗೊಬ್ಬರ ತುಂಬಿದ ಗುಂಡಿ, ಅದರ ಮೇಲೆ ದಿನಾ ಹನಿ ನೀರು ಅಂದರೆ ಬೇರಿಗೆ ಗಾಳಿಯೇ ಸಿಗುವುದಿಲ್ಲ. ಬುಡ ಮೆತ್ತಗಾಗುತ್ತದೆ, ಎಲೆ ಹಳದಿಯಾಗುತ್ತದೆ. ನೋಡಿದವರು ನೀರು ಸಾಲಲಿಲ್ಲ ಅಂದುಕೊಂಡು ಇನ್ನೊಂದು ಬಿಂದಿಗೆ ಹುಯ್ಯುತ್ತಾರೆ.

ನಮ್ಮ ಹಿರಿಯೂರು, ಚಳ್ಳಕೆರೆ ಸೀಮೆಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬಂದರೆ ಅದೇ ಒಳ್ಳೆ ವರ್ಷ. ಅಷ್ಟರಲ್ಲೇ ಇದು ಬದುಕುತ್ತದೆ. ಬೇರು ನೇರ ಕೆಳಕ್ಕೆ ಇಳಿದು ಗರಸಿನ ಸಂದಿಯಲ್ಲಿ ಉಳಿದ ತೇವ ಹುಡುಕಿಕೊಳ್ಳುತ್ತದೆ. ತೀರಾ ಬರ ಬಂದರೆ ಎಲೆ ಉದುರಿಸಿ ಕಡ್ಡಿಯಾಗಿ ನಿಲ್ಲುತ್ತದೆ. ಸತ್ತೇ ಹೋಯಿತು ಅಂತ ಕಿತ್ತು ಹಾಕಬೇಡಿ. ಒಂದು ಹದ ಮಳೆ ಬಿದ್ದರೆ ಬುಡದಿಂದ ಚಿಗುರುತ್ತದೆ.

ನೀವು ಈಗ ಮಾಡಬೇಕಾದದ್ದು ಇಷ್ಟು. ಹಳದಿಯಾದ ಗಿಡದ ಬುಡದ ಮಣ್ಣು ಸರಿಸಿ ಎರಡು ಮೂರು ದಿನ ಬಿಸಿಲಿಗೆ ಬಿಡಿ. ತೊಗಟೆ ಉಗುರಲ್ಲಿ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಬದುಕುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬಿಟ್ಟು ಬೀಜ ಹಾಕುವ ಯೋಚನೆ ಮಾಡಿ.

ಇನ್ನೊಂದು ಗಿಡದ ಬಗ್ಗೆ ನನಗೆ ಅನುಮಾನ ಇದೆ. ಎಲೆ ದೊಡ್ಡದು ಅಂದಿರಲ್ಲ. ಅದರ ಎಲೆ ಮತ್ತು ದಂಟು ಸೇರುವ ಜಾಗದ ಫೋಟೋ ಹಾಕುತ್ತೀರಾ?

ಅಂಗಳದ ಹೂ (ತುಮಕೂರು)

ಧನ್ಯವಾದ ಸರ್. ಡ್ರಿಪ್ ನಿಲ್ಲಿಸಿದೆ. ಕೆರೆದು ನೋಡಿದೆ, ಒಳಗೆ ಇನ್ನೂ ಹಸಿರಿದೆ! ಎರಡೂ ಗಿಡದ ಫೋಟೋ ಹಾಕಿದ್ದೇನೆ, ನೋಡಿ.

ಚಿಟ್ಟೆ ಕಣ್ಣು (ಮೈಸೂರು)

ಫೋಟೋ ನೋಡಿದೆ. ಎಲೆ ಉದುರಿಸುತ್ತಿರುವುದೇ ಅಸಲಿ ತಂಗಡಿ, ಸೆನ್ನಾ ಆರಿಕ್ಯುಲೇಟಾ. ಸೊಂಪಾಗಿರುವುದು ಸೆನ್ನಾ ಸುರಾಟೆನ್ಸಿಸ್ ಥರ ಕಾಣುತ್ತಿದೆ. ಉದ್ಯಾನಗಳಲ್ಲಿ ಅಂದಕ್ಕೆ ಬೆಳೆಸುವ ಅದರ ನೆಂಟ. ನರ್ಸರಿಗಳಲ್ಲಿ 'ಹಳದಿ ಹೂವಿನ ಕ್ಯಾಸಿಯಾ' ಅಂತ ಒಂದೇ ಹೆಸರಲ್ಲಿ ನಾಲ್ಕೈದು ಜಾತಿ ಮಾರುತ್ತಾರೆ.

ಗುರುತು ಹಿಡಿಯುವುದು ಕಷ್ಟ ಏನಲ್ಲ. ತಂಗಡಿಯ ಎಲೆಕಡ್ಡಿ ದಂಟಿಗೆ ಸೇರುವಲ್ಲಿ ಕಿವಿಯ ಆಕಾರದ ಎರಡು ಪುಟ್ಟ ಎಲೆಗಳು ದಂಟಿಗೆ ಅಂಟಿಕೊಂಡ ಹಾಗೆ ಇರುತ್ತವೆ. ಬಹುಪಾಲು ನೆಂಟರಲ್ಲಿ ಆ ಜಾಗ ಬೋಳು, ಇಲ್ಲವೇ ಕೂದಲಿನಷ್ಟು ಸಣ್ಣ ಎಳೆ. ತಂಗಡಿಯ ಒಂದು ಕಡ್ಡಿಯಲ್ಲಿ 8ರಿಂದ 12 ಜೊತೆ ಚಿಕ್ಕ ಎಲೆ. ಕಾಯಿ ಚಪ್ಪಟೆ, ಒಣಗಿದರೆ ಕಾಗದದ ಹಾಗೆ ತೆಳು. ಒಳಗಿನ ಬೀಜಗಳ ಉಬ್ಬು ಹೊರಗಿನಿಂದಲೇ ಎಣಿಸಬಹುದು.

ಹೂ ಬಿಟ್ಟಾಗ ಕೇಸರಗಳನ್ನೂ ನೋಡಿ. ಒಟ್ಟು ಹತ್ತು. ಮೇಲಿನ ಮೂರು ಬಂಜೆ. ಮಧ್ಯದ ನಾಲ್ಕು ಗಿಡ್ಡ. ಕೆಳಗಿನ ಮೂರು ಉದ್ದ, ಕೊಕ್ಕಿನ ಹಾಗೆ ಬಾಗಿರುತ್ತವೆ. ಈ ಏರ್ಪಾಟು ಯಾಕೆ ಅನ್ನುವುದು ಒಂದು ಬೆಳಿಗ್ಗೆ ಗಿಡದ ಪಕ್ಕ ಕೂತರೆ ಗೊತ್ತಾಗುತ್ತದೆ. ಈ ಹೂವಿನಲ್ಲಿ ಮಕರಂದ ಇಲ್ಲ, ದುಂಬಿ ಬರುವುದು ಪರಾಗಕ್ಕೆ. ಪರಾಗಕೋಶ ಉದ್ದಕ್ಕೆ ಬಿರಿಯುವುದೂ ಇಲ್ಲ, ತುದಿಯಲ್ಲಿ ಒಂದು ಸಣ್ಣ ತೂತು ಅಷ್ಟೇ. ಆ ಕಪ್ಪು ದೊಡ್ಡ ದುಂಬಿ, ಮರ ಕೊರೆಯುತ್ತದಲ್ಲ ಅದು, ಗಿಡ್ಡ ಕೇಸರಗಳನ್ನು ಕಾಲಲ್ಲಿ ಅಪ್ಪಿ ಹಿಡಿಯುತ್ತದೆ. ರೆಕ್ಕೆ ಮಡಚಿಕೊಂಡು ಎದೆಯ ಸ್ನಾಯು ಮಾತ್ರ ಅದುರಿಸುತ್ತದೆ. ಹಾರುವಾಗಿನ ಗುಂಯ್ ಶಬ್ದ ತಟ್ಟನೆ ಬದಲಾಗಿ ಚುರುಕಾದ ಝೀಂಕಾರ ಬರುತ್ತದೆ. ಆಗ ತೂತಿನಿಂದ ಪರಾಗ ಚಿಮ್ಮುತ್ತದೆ. ಗಿಡ್ಡ ಕೇಸರದ್ದು ದುಂಬಿಯ ಊಟಕ್ಕೆ. ಅದೇ ಹೊತ್ತಿಗೆ ಉದ್ದ ಕೇಸರದ್ದು ಅದರ ಮೈಗೆ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ನಮ್ಮ ತುಡುವೆ, ಕೋಲುಜೇನುಗಳಿಗೆ ಹೀಗೆ ಅದುರಿಸುವ ವಿದ್ಯೆ ಇಲ್ಲ. ಉದುರಿದ್ದನ್ನು ಬಳಿದುಕೊಂಡು ಹೋಗುತ್ತವೆ.

ಅದಕ್ಕೇ ಹೇಳುತ್ತೇನೆ, ಕಾಯಿ ಕಟ್ಟಬೇಕಾದರೆ ದುಂಬಿ ಬೇಕು. ದುಂಬಿಗೆ ಗೂಡು ಕಟ್ಟಲು ಒಣ ಮರದ ತುಂಡು ಬೇಕು. ಅಂಗಳದ ಮೂಲೆಯಲ್ಲಿ ಒಂದು ಹಳೇ ಕೊರಡು ಹಾಗೇ ಇರಲಿ ಬಿಡಿ.

ತಾರಸಿ ತೋಟ (ಬೆಂಗಳೂರು)

ಬಹಳ ಉಪಯೋಗವಾಯಿತು. ನಮ್ಮದು ಎರಡನೇ ಮಹಡಿ, ನೆಲ ಇಲ್ಲ. ಕುಂಡದಲ್ಲಿ ಬೆಳೆಸಬಹುದಾ? ಎಲೆ ಮೇಲೆ ಹಸಿರು ಹುಳ ಬರುತ್ತವೆ ಅಂತ ಕೇಳಿದ್ದೇನೆ. ಬೇವಿನ ಎಣ್ಣೆ ಹೊಡೆದರೆ ಸಾಕಾ?

ಚಿಟ್ಟೆ ಕಣ್ಣು (ಮೈಸೂರು)

ದಯವಿಟ್ಟು ಏನೂ ಹೊಡೆಯಬೇಡಿ. ಅವು ಚಿಟ್ಟೆಯ ಮರಿಗಳು. ತಿಳಿ ಹಸಿರು ಮಿಶ್ರಿತ ಬಿಳಿ ಬಣ್ಣದ ಎಮಿಗ್ರಂಟ್ ಚಿಟ್ಟೆಗಳು ತಂಗಡಿ, ಕಕ್ಕೆ, ತಗಚೆ ಈ ಕುಟುಂಬದ ಮೇಲೇ ಮೊಟ್ಟೆ ಇಡುತ್ತವೆ. ಎಳೆ ಚಿಗುರಿನ ಮೇಲೆ ನೆಟ್ಟಗೆ ನಿಂತ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ, ಒಂದೊಂದೇ. ಹುಳದ ಬಣ್ಣ ಎಲೆಯ ಬಣ್ಣವೇ, ಪಕ್ಕದಲ್ಲಿ ಒಂದು ತೆಳು ಗೆರೆ. ಅವು ತಿಂದು ಹೋದ ಮೇಲೆ ಗಿಡ ಮತ್ತೆ ಚಿಗುರುತ್ತದೆ. ಒಂದೆರಡು ವಾರ ಗಿಡ ಬೋಳಾಗಿ ಕಾಣುತ್ತದೆ, ನಿಜ. ಆದರೆ ಇದಕ್ಕಾಗಿಯೇ ಅಲ್ವಾ ನಾವು ನಮ್ಮ ನೆಲದ ಗಿಡ ಬೆಳೆಸುವುದು? ಒಂದು ಕೀಟವೂ ಮೂಸಿ ನೋಡದ ಗಿಡ ಬೇಕಿದ್ದರೆ ಪ್ಲಾಸ್ಟಿಕ್ ಹೂ ಸಾಕಿತ್ತು.

ಕೋಟೆನಾಡು (ಹಿರಿಯೂರು ಕಡೆ)

ಕುಂಡದ ಬಗ್ಗೆ ನಾನು ಹೇಳುತ್ತೇನೆ. ಚಿಕ್ಕ ಕುಂಡದಲ್ಲಿ ಆಗುವುದಿಲ್ಲ. ತಾಯಿಬೇರು ಇಳಿಯುವ ಗಿಡ ಇದು. ದೊಡ್ಡ ಡ್ರಮ್ ಅರ್ಧ ಕತ್ತರಿಸಿ, ತಳಕ್ಕೆ ತೂತು ಮಾಡಿ, ಕೆಳಗೆ ಇಟ್ಟಿಗೆ ಚೂರು ಹಾಕಿ, ಕೆಂಪು ಮಣ್ಣಿಗೆ ಮೂರರಲ್ಲಿ ಒಂದು ಪಾಲು ದಪ್ಪ ಮರಳು ಸೇರಿಸಿ ತುಂಬಿ. ಕೋಕೋಪೀಟ್ ಬೇಡ, ಅದು ತೇವ ಹಿಡಿದಿಡುತ್ತದೆ. ಪೂರ್ತಿ ಬಿಸಿಲು ಬೀಳುವ ಜಾಗದಲ್ಲಿ ಇಡಿ. ಕುಂಡದಲ್ಲಿ ಬೇರಿಗೆ ಆಳ ಸಿಗದ ಕಾರಣ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಬೇಕಾಗುತ್ತದೆ. ಮಣ್ಣಿಗೆ ಬೆರಳು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಆದರೂ ಹೇಳುತ್ತೇನೆ, ನೆಲದಲ್ಲಿ ಬಂದ ಹಾಗೆ ಕುಂಡದಲ್ಲಿ ಬರುವುದಿಲ್ಲ. ನಿಮ್ಮ ಬೀದಿಯಲ್ಲಿ ಖಾಲಿ ಅಂಚು ಇದ್ದರೆ ಅಲ್ಲಿ ನಾಲ್ಕು ಬೀಜ ಊರಿ.

ಎರೆಹೊಲ (ಗದಗ ಕಡೆ)

ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಕಾಲಿಟ್ಟರೆ ಮೊಣಕಾಲುದ್ದ ಕೆಸರು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಇದರಲ್ಲಿ ತಂಗಡಿ ಆಗುತ್ತದೆಯೇ ಅಂತ ಕೇಳುವವರಿಗೆ: ಆಗುತ್ತದೆ. ಬದುವಿನ ಮೇಲೆ, ಇಲ್ಲವೇ ಒಂದೂವರೆ ಅಡಿ ದಿಬ್ಬ ಮಾಡಿ ಅದರ ಮೇಲೆ ಬೀಜ ಹಾಕಬೇಕು. ತಗ್ಗಿನಲ್ಲಿ ಹಾಕಿದರೆ ಮೊದಲ ಮುಂಗಾರಿಗೇ ಕೊಳೆಯುತ್ತದೆ. ಸವಳು ನೆಲದಲ್ಲೂ ಇದು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಹಿಂದೆ ಭತ್ತದ ಗದ್ದೆಗೆ ಇದರ ಸೊಪ್ಪು ತುಳಿದು ಗೊಬ್ಬರ ಮಾಡುತ್ತಿದ್ದರು. ಕ್ಷಾರ ಹೆಚ್ಚಿರುವ ಗದ್ದೆಗೆ ಇದು ಒಳ್ಳೆಯದು ಅಂತ ಹಿರಿಯರು ಹೇಳುತ್ತಿದ್ದರು, ಕೃಷಿ ಪುಸ್ತಕಗಳಲ್ಲೂ ಹಾಗೇ ಇದೆ.

ದ್ವಿದಳ ಗಿಡ, ಹಾಗಾಗಿ ಪಕ್ಕದ ಗಿಡಕ್ಕೂ ಸಾರಜನಕ ಕೊಡುತ್ತದೆ, ಅಲ್ವಾ?

ಚಿಟ್ಟೆ ಕಣ್ಣು (ಮೈಸೂರು)

ಆ ಲಾಭ ತಂಗಡಿಯಲ್ಲಿ ಇಲ್ಲ ಸರ್. ತೊಗರಿ, ಹುರುಳಿ, ಹೊಂಗೆಯ ಬೇರಿನಲ್ಲಿ ಗಂಟು ಇರುತ್ತದೆ, ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಅದರಲ್ಲಿ ಇರುತ್ತವೆ. ಸೆನ್ನಾ ಗುಂಪಿನ ಗಿಡಗಳಲ್ಲಿ ಸಾಮಾನ್ಯವಾಗಿ ಆ ಗಂಟು ಕಟ್ಟುವುದಿಲ್ಲ. ಬೇರು ಕಿತ್ತು ನೋಡಿದರೆ ಗೊತ್ತಾಗುತ್ತದೆ. ಸೊಪ್ಪನ್ನು ಮಣ್ಣಿಗೆ ಸೇರಿಸಿದಾಗ ಸಿಗುವುದು ಅದು ಮೊದಲೇ ಮಣ್ಣಿನಿಂದ ತೆಗೆದುಕೊಂಡದ್ದು. ಅದೂ ಒಳ್ಳೆಯದೇ, ಆದರೆ ಲೆಕ್ಕ ಬೇರೆ.

ಗಡಿ ಬೀದರ್

ನಮ್ಮ ಬೀದರ್ ಗಡಿ ಊರುಗಳಲ್ಲಿ ತೆಲುಗು ಮಾತಾಡುವ ಮನೆಗಳು ಜಾಸ್ತಿ. ಮಹಾಲಯ ಅಮಾವಾಸ್ಯೆ ಬಂತೆಂದರೆ ಬತುಕಮ್ಮ ಹಬ್ಬದ ತಯಾರಿ. ದುರ್ಗಾಷ್ಟಮಿಯವರೆಗೆ ಒಂಬತ್ತು ದಿನ. ತಾಂಬಾಳದ ಮೇಲೆ ಸುತ್ತು ಸುತ್ತಾಗಿ ಹೂ ಪೇರಿಸಿ ಗೋಪುರ ಮಾಡುತ್ತಾರೆ. ಅದಕ್ಕೆ ತಂಗಡಿ ಹೂ ಬೇಕೇ ಬೇಕು, ಜೊತೆಗೆ ಅಣ್ಣೆ ಹೂ. ತೆಲಂಗಾಣ ರಾಜ್ಯ ಆದ 2014ರಲ್ಲೇ ಇದನ್ನು ರಾಜ್ಯ ಪುಷ್ಪ ಮಾಡಿಕೊಂಡರು, ಅವರು ತಂಗೇಡು ಅನ್ನುತ್ತಾರೆ. ಈಗ ಊರ ಸುತ್ತ ಗಿಡವೇ ಕಾಣದೆ ಜನ ಗಾಡಿ ಮಾಡಿಕೊಂಡು ದೂರ ಹೋಗಿ ಹೂ ತರುತ್ತಿದ್ದಾರೆ. ಕೆಲವರು ಕೊಂಬೆಯನ್ನೇ ಮುರಿದು ಮೂಟೆ ಕಟ್ಟುತ್ತಾರೆ. ಹಾಗೆ ಮಾಡಿದರೆ ಬೀಜಕ್ಕೆ ಏನೂ ಉಳಿಯುವುದಿಲ್ಲ. ಮನೆಗೊಂದು ಗಿಡ ಇದ್ದರೆ ಎಷ್ಟು ಚೆನ್ನ.

ಕೋಟೆನಾಡು (ಹಿರಿಯೂರು ಕಡೆ)

ನಮ್ಮ ಕಡೆ ದೀಪಾವಳಿಗೆ. ಸಗಣಿಯಲ್ಲಿ ಹಟ್ಟಿಲಕ್ಕವ್ವನ್ನ ಮಾಡಿ ಮೇಲೆ ತಂಗಡಿ ಹೂ, ಅಣ್ಣೆ ಹೂ, ಚೆಂಡು ಹೂ ಸಿಗಿಸಿ ಹೊಸಿಲಿಗೆ ಇಡುತ್ತಾರೆ. ಚಿಕ್ಕವರಿದ್ದಾಗ ಹೂ ತರುವುದು ಮಕ್ಕಳ ಕೆಲಸ, ಹಿತ್ತಲು ದಾಟಿದರೆ ಸಿಗುತ್ತಿತ್ತು. ಈಗ ಬದುವನ್ನೆಲ್ಲ ಜೆಸಿಬಿ ಹೊಡೆದು ಚೊಕ್ಕ ಮಾಡುತ್ತಾರೆ, ಉಳಿದದ್ದಕ್ಕೆ ಕಳೆನಾಶಕ. ದನ ಮೇಯದ ಗಿಡ, ಸುಮ್ನೆ ಜಾಗ ತಿನ್ನುತ್ತದೆ ಅನ್ನುತ್ತಾರೆ. ದನ ಮೇಯದ್ದರಿಂದಲೇ ಅದು ಬದು ಹಿಡಿದುಕೊಂಡು ನಿಲ್ಲುವುದು. ಇದನ್ನು ಎಷ್ಟು ಹೇಳಿದರೂ ಸಾಲದು ಅನ್ನಿಸುತ್ತದೆ ನನಗೆ.

ಕೊಯಮತ್ತೂರು ಕನ್ನಡತಿ

ನಾವು ತಲೆಮಾರುಗಳಿಂದ ಇಲ್ಲಿದ್ದೇವೆ, ಮನೆಮಾತು ಕನ್ನಡ. ಇಲ್ಲಿ ಸಂಕ್ರಾಂತಿಯ ಹಿಂದಿನ ದಿನ ಬೇವಿನ ಸೊಪ್ಪು, ಆವಾರಂ ಹೂ, ಪೂಳೈ ಹೂ ಸೇರಿಸಿ ಕಟ್ಟಿ ಬಾಗಿಲಿಗೆ, ಹೊಲಕ್ಕೆ ಸಿಗಿಸುತ್ತಾರೆ, ಕಾಪ್ಪು ಕಟ್ಟುವುದು ಅಂತ. ಆವಾರಂ ಅಂದರೆ ತಂಗಡಿಯೇ, ನಮ್ಮ ಅತ್ತೆ ಆವರಿಕೆ ಅನ್ನುತ್ತಾರೆ. ಹಬ್ಬದ ವಾರದಲ್ಲಿ ಮಾರುಕಟ್ಟೆಯಲ್ಲಿ ಕಟ್ಟುಕಟ್ಟು ಮಾರುತ್ತಾರೆ.

ಇನ್ನೊಂದು ವಿಷಯ. ಈ ಗಿಡದ ತೊಗಟೆಗೆ ಮದರಾಸು ಪ್ರಾಂತ್ಯದಲ್ಲಿ ಒಂದು ಕಾಲಕ್ಕೆ ದೊಡ್ಡ ವ್ಯಾಪಾರ ಇತ್ತು. ಚರ್ಮ ಹದ ಮಾಡಲು ಆವಾರಂ ತೊಗಟೆಯೇ ಮುಖ್ಯ. ಆಮೇಲೆ 20ನೇ ಶತಮಾನದಲ್ಲಿ ದಕ್ಷಿಣ ಆಫ್ರಿಕಾದಿಂದ ವಾಟಲ್ ಮರದ ತೊಗಟೆ ಬರತೊಡಗಿದ ಮೇಲೆ ಇದರ ಬೇಡಿಕೆ ಬಿದ್ದುಹೋಯಿತು. ತೊಗಟೆಗಾಗಿ ಬುಡಮಟ್ಟ ಕಡಿದರೂ ಮತ್ತೆ ಚಿಗುರುತ್ತಿತ್ತು. ಹಾಗಾಗಿ ಸವರಲು ಹೆದರಬೇಡಿ.

ಹಿತ್ತಲ ಮದ್ದು (ದಾವಣಗೆರೆ)

ಹೂ ಒಣಗಿಸಿ ಟೀ ಮಾಡಿ ಕುಡಿದರೆ ಶುಗರ್ ಪೂರ್ತಿ ವಾಸಿಯಾಗುತ್ತದಂತೆ. ನಮ್ಮ ಮಾವನವರಿಗೆ ಕೊಡೋಣ ಅಂತಿದ್ದೇವೆ. ಮಾತ್ರೆ ನಿಲ್ಲಿಸಬಹುದಾ?

ವಾರ್ಡ್ ಸಿಸ್ಟರ್ (ಹಾಸನ)

ನಿಲ್ಲಿಸಬೇಡಿ ಅಕ್ಕಾ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಮಾತ್ರೆ ಬಿಟ್ಟು ಕಷಾಯ ಕುಡಿದು ಕಾಲಿನ ಗಾಯ ಉಲ್ಬಣಿಸಿಕೊಂಡು ಬರುವವರನ್ನು ನೋಡುತ್ತಲೇ ಇರುತ್ತೇವೆ. ತಂಗಡಿ ಹೂವನ್ನು ಸಕ್ಕರೆ ಕಾಯಿಲೆಗೆ ಹಳ್ಳಿ ಮದ್ದಿನಲ್ಲಿ ಬಳಸುವುದು ನಿಜ, ಇಲಿಗಳ ಮೇಲೆ ಪರೀಕ್ಷೆಗಳೂ ನಡೆದಿವೆ. ಅಷ್ಟರಿಂದ ಮಾತ್ರೆಗೆ ಬದಲಿ ಅಂತ ಆಗುವುದಿಲ್ಲ. ಮಾತ್ರೆಯ ಜೊತೆ ಕುಡಿದರೂ ಸಕ್ಕರೆ ಜಾಸ್ತಿ ಇಳಿದುಬಿಡುವ ಭಯ ಇದೆ. ವೈದ್ಯರಿಗೆ ಹೇಳದೆ ಏನೂ ಶುರು ಮಾಡಬೇಡಿ.

ಗಿಡ ತಪ್ಪಾಗಿ ಗುರುತಿಸುವ ಅಪಾಯವೂ ಇದೆ. ರಸ್ತೆ ಬದಿ ಬೆಳೆಯುವ ದೊಡ್ಡ ತಗಚೆಗೂ ಹಳದಿ ಹೂ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಅದರ ಬೀಜ ತಿಂದ ಮಕ್ಕಳಿಗೆ ಯಕೃತ್ತು, ಮಿದುಳು ಎರಡಕ್ಕೂ ಪೆಟ್ಟು ಬಿದ್ದು ಸಾವುಗಳಾಗಿವೆ. ಮೇಲೆ ಹೇಳಿದ ಕಿವಿ ಎಲೆ, ಕಾಗದದಂಥ ಕಾಯಿ ನೋಡದೆ ಯಾವ ಹಳದಿ ಹೂವನ್ನೂ ಬಾಯಿಗೆ ಹಾಕಬೇಡಿ. ಸ್ನಾನದ ಪುಡಿಗೆ ಕಡಲೆಹಿಟ್ಟಿನ ಜೊತೆ ಒಣ ಹೂ ಸೇರಿಸುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ.

ಅಂಗಳದ ಹೂ (ತುಮಕೂರು)

ಹಳದಿಯಾಗಿದ್ದ ಗಿಡದಲ್ಲಿ ಪುಟ್ಟ ಚಿಗುರು ಕಾಣುತ್ತಿದೆ! ಎಲ್ಲರಿಗೂ ಧನ್ಯವಾದ. ಈಗ ಸಾಲಾಗಿ ಬೀಜ ಹಾಕಬೇಕು ಅಂತಿದ್ದೇವೆ. ಅತ್ತೆಯ ಊರಿಂದ ಒಣ ಕಾಯಿ ತಂದಿದ್ದೇವೆ. ಹೇಗೆ ಹಾಕುವುದು?

ಕೋಟೆನಾಡು (ಹಿರಿಯೂರು ಕಡೆ)

ಬಹಳ ಸಂತೋಷ ಮೇಡಂ. ನಿಧಾನವಾಗಿ ಹೇಳುತ್ತೇನೆ, ಬೀಜದ ವಿಷಯದಲ್ಲೇ ಜನ ಜಾಸ್ತಿ ಸೋಲುವುದು.

ಕಾಯಿ ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಹಸಿ ಕಾಯಿಯ ಬೀಜ ಬೇಡ. ಬಿಡಿಸಿ ಬಿಳಿ ಬಟ್ಟೆಯ ಮೇಲೆ ಹರಡಿ. ಸೂಜಿಮೊನೆಯಷ್ಟು ತೂತು ಇದ್ದರೆ ಒಳಗೆ ಹುಳ ತಿಂದಿದೆ ಅಂತ ಅರ್ಥ, ಅದನ್ನು ತೆಗೆದುಹಾಕಿ. ಉಳಿದದ್ದನ್ನು ನೀರಿಗೆ ಹಾಕಿ, ತೇಲಿದ್ದನ್ನೂ ಬಿಡಿ.

ಈಗ ಮುಖ್ಯ ಕೆಲಸ. ಈ ಬೀಜದ ಸಿಪ್ಪೆ ಬಹಳ ಗಟ್ಟಿ, ನೀರು ಒಳಗೆ ಇಳಿಯುವುದಿಲ್ಲ. ಹಾಗೇ ಮಣ್ಣಿಗೆ ಹಾಕಿದರೆ ಈ ವರ್ಷ ಒಂದು, ಮುಂದಿನ ವರ್ಷ ಎರಡು ಅಂತ ಮೊಳೆಯುತ್ತದೆ. ಕಾಡಿನಲ್ಲಿ ಅದೇ ಅದರ ಜಾಣತನ, ಒಂದು ವರ್ಷ ಮಳೆ ಕೈಕೊಟ್ಟರೂ ಎಲ್ಲ ಸಸಿ ಒಟ್ಟಿಗೆ ಸಾಯುವುದಿಲ್ಲ. ಆದರೆ ನಮಗೆ ಸಾಲು ಬೇಕಲ್ಲ. ನೀರು ಕುದಿಸಿ ಒಲೆಯಿಂದ ಇಳಿಸಿ. ಒಂದೆರಡು ನಿಮಿಷ ಬಿಟ್ಟು ಬೀಜ ಹಾಕಿ. ಒಲೆಯ ಮೇಲೆ ಇರುವಾಗಲೇ ಹಾಕಿದರೆ ಬೆಂದುಹೋಗುತ್ತದೆ. ರಾತ್ರಿಯೆಲ್ಲ ಅದೇ ನೀರಿನಲ್ಲಿ ಇರಲಿ. ಬೆಳಿಗ್ಗೆ ನೋಡಿದರೆ ಕೆಲವು ಬೀಜ ಉಬ್ಬಿ ಮೊದಲಿಗಿಂತ ದಪ್ಪ ಆಗಿರುತ್ತವೆ, ಸಿಪ್ಪೆ ಲೋಳೆ ಲೋಳೆ. ಅವು ತಯಾರು. ಉಬ್ಬದೆ ಕಲ್ಲಿನ ಹಾಗೇ ಉಳಿದದ್ದನ್ನು ಸ್ಯಾಂಡ್‌ಪೇಪರ್ ಮೇಲೆ ನಾಲ್ಕು ಸಲ ಉಜ್ಜಿ ಮತ್ತೆ ನೆನೆಹಾಕಿ. ಮೊಳಕೆ ಬರುವ ತುದಿಯನ್ನು ಉಜ್ಜಬೇಡಿ, ಬೆನ್ನನ್ನು ಉಜ್ಜಿ.

ಊರುವುದು ಮುಂಗಾರು ಹಿಡಿದ ಮೇಲೆ, ಜೂನ್‌ನಲ್ಲಿ. ನೇರ ನೆಲಕ್ಕೇ ಹಾಕಿ. ಕವರ್‌ನಲ್ಲಿ ಬೆಳೆಸಿದರೆ ತಾಯಿಬೇರು ತಳಕ್ಕೆ ಬಡಿದು ಸುರುಳಿ ಸುತ್ತಿಕೊಳ್ಳುತ್ತದೆ, ಆಮೇಲೆ ಎಷ್ಟೇ ಒಳ್ಳೆ ಜಾಗಕ್ಕೆ ನೆಟ್ಟರೂ ಆಳಕ್ಕೆ ಹೋಗುವುದು ಕಷ್ಟ. ಗುಂಡಿಗೆ ಮೂರು ಬೀಜ, ಒಂದು ಬೆರಳ ಗೆಣ್ಣಿನಷ್ಟು ಆಳ. ಗೊಬ್ಬರ ಬೇಡ. ಸಸಿ ಬಂದ ಮೇಲೆ ಗಟ್ಟಿ ಇರುವ ಒಂದನ್ನು ಉಳಿಸಿ. ಬೇಲಿಯ ಹಾಗೆ ಬೇಕಾದರೆ ಮೂರಡಿಗೆ ಒಂದು, ಒಂಟಿ ಪೊದೆಯಾಗಿ ಹರಡಿಕೊಳ್ಳಲಿ ಅಂದರೆ ಐದಡಿ.

ಮೊದಲ ಬೇಸಿಗೆ ಮಾತ್ರ ನೀರು ಕೊಡಿ. ಎರಡು ವಾರಕ್ಕೊಮ್ಮೆ, ಬುಡದಿಂದ ಸ್ವಲ್ಪ ದೂರ, ಆಳಕ್ಕೆ ಇಳಿಯುವಷ್ಟು. ದಿನಾ ಚೊಂಬು ನೀರು ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ಎರಡನೇ ಮಳೆಗಾಲದ ನಂತರ ಮರೆತುಬಿಡಿ.

ತಾರಸಿ ತೋಟ (ಬೆಂಗಳೂರು)

ಸವರುವುದು ಯಾವಾಗ?

ಕೊಯಮತ್ತೂರು ಕನ್ನಡತಿ

ನಮ್ಮ ಮನೆಯಲ್ಲಿ ಮಳೆಗೆ ಮುಂಚೆ, ಮೇ ತಿಂಗಳಲ್ಲಿ. ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಮಳೆಗಾಲದ ಮಧ್ಯೆ ಕತ್ತರಿಸಿದರೆ ಆ ವರ್ಷದ ಹೂವೇ ಹೋಯಿತು. ಅರ್ಧ ಎತ್ತರಕ್ಕೆ ಸವರಿದರೆ ಪೊದೆ ಒತ್ತಾಗಿ ಬರುತ್ತದೆ.

ಎರೆಹೊಲ (ಗದಗ ಕಡೆ)

ಒಂದೇ ಗಿಡದ ಸಾಲು ಮಾಡುವ ಬದಲು ಮಧ್ಯೆ ಬಂದರಿಕೆ, ಲಕ್ಕಿ ಸೇರಿಸಿ. ಇವಕ್ಕೂ ನೀರು ಬೇಡ, ದನ ಬಾಯಿ ಹಾಕುವುದಿಲ್ಲ. ಲಕ್ಕಿಯ ನೀಲಿ ಹೂ ತಂಗಡಿಯ ಹಳದಿ ಪಕ್ಕ ಬಹಳ ಚೆಂದ.

ಅಂಗಳದ ಹೂ (ತುಮಕೂರು)

ಒಳ್ಳೆ ಉಪಾಯ. ಕೊನೆಯದಾಗಿ ಒಂದು. ನಮ್ಮ ಕಾಂಪೌಂಡ್‌ನ ಪೂರ್ವ ಬದಿಯಲ್ಲಿ ಪಕ್ಕದ ಮನೆಯ ಮಾವಿನ ಮರದ ನೆರಳು ಇದೆ, ಬೆಳಿಗ್ಗೆ ಒಂದೆರಡು ಗಂಟೆ ಬಿಸಿಲು ಅಷ್ಟೇ. ಪಶ್ಚಿಮದಲ್ಲಿ ಮಧ್ಯಾಹ್ನದಿಂದ ಸಂಜೆವರೆಗೆ ಸುಡುವ ಬಿಸಿಲು, ಗೋಡೆಯೂ ಕಾಯುತ್ತದೆ, ಅಲ್ಲಿ ಏನು ಹಾಕಿದರೂ ಒಣಗಿಹೋಗುತ್ತದೆ. ಯಾವ ಕಡೆ ಹಾಕಲಿ? ನೆರಳಿನ ಕಡೆ ಆದರೆ ಸಸಿಗೆ ಸುಖ ಅಂತ ನಮ್ಮ ಮನೆಯವರ ವಾದ.

ಕೋಟೆನಾಡು (ಹಿರಿಯೂರು ಕಡೆ)

ಪಶ್ಚಿಮಕ್ಕೇ ಹಾಕಿ. ನೆರಳಲ್ಲಿ ಗಿಡ ಬಿಸಿಲು ಹುಡುಕಿಕೊಂಡು ಉದ್ದಕ್ಕೆ ಬೆಳೆದು ಬಾಗುತ್ತದೆ, ಹೂ ಬಿಡುವುದಿಲ್ಲ. ಗೋಡೆಯಿಂದ ಮೂರಡಿ ಬಿಟ್ಟು ಊರಿ, ಪೊದೆ ಹರಡಲು ಜಾಗ ಬೇಕು. ಛಾವಣಿಯ ನೀರು ಬೀಳುವ ಪೈಪ್ ಆ ಕಡೆ ಇದ್ದರೆ ಅದನ್ನು ಬೇರೆ ಕಡೆ ತಿರುಗಿಸಿ. ಪೂರ್ವದ ನೆರಳಿಗೆ ಆಡುಸೋಗೆ ಹಾಕಿಕೊಳ್ಳಿ. ಉಳಿದ ಬೀಜ ಇದ್ದರೆ ಬೆಂಗಳೂರಿನವರಿಗೆ ಒಂದು ಹಿಡಿ ಅಂಚೆಯಲ್ಲಿ ಕಳಿಸಿಕೊಡಿ ಮೇಡಂ, ಕೇಳುತ್ತಿದ್ದರು.